ದುಡ್ಡು ಕೊಟ್ಟಿದೀವಲ್ಲ

2024ರ ಡಿಸೆಂಬರ್‌ನಲ್ಲಿ ಒಂದು ಬೆಳಗ್ಗೆ, ಸಮುದ್ರದ ನಡುವೆ, ಹಡಗಿನ ಹದಿನಾಲ್ಕನೇ ಡೆಕ್ಕಿನಲ್ಲಿ ಕೂತು ನಾನು ಒಬ್ಬ ಮನುಷ್ಯನಿಗೆ ಮೂರು ಸ್ಟಾರ್ ಕೊಟ್ಟೆ. ಐದಕ್ಕೆ ಮೂರು. ಕಾಫಿ ಬರೋದು ಇಪ್ಪತ್ತು ನಿಮಿಷ ತಡವಾಗಿತ್ತು. 'ಸೇವೆ ಹೇಗಿತ್ತು?' ಅಂತ ಹಡಗಿನ ಆ್ಯಪ್ ಕೇಳಿತು. ಆಟೋ ಇಳಿದ ಮೇಲೆ ಒತ್ತುವ ಹಾಗೆ, ಪಾರ್ಸಲ್ ಬಂದ ಮೇಲೆ ಒತ್ತುವ ಹಾಗೆ ಒತ್ತಿದೆ. ಕೋಪ ಇರಲಿಲ್ಲ, ಯೋಚನೆಯೂ ಇರಲಿಲ್ಲ. ಒತ್ತಿ ಫೋನ್ ಕೆಳಗಿಟ್ಟು ಸಮುದ್ರ ನೋಡಿದೆ. ಪುಣ್ಯಕ್ಕೆ ಸಮುದ್ರಕ್ಕೆ ರೇಟಿಂಗ್ ಕೇಳಿರಲಿಲ್ಲ.

ಮಾರನೇ ದಿನ ಅದೇ ಹುಡುಗ ನಮ್ಮ ಮೇಜಿನ ಹತ್ತಿರ ಬಂದ. ಇಂಡೋನೇಷ್ಯಾದವನು, ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ಮುಖದಲ್ಲಿ ನಗು ಹಾಗೇ ಇತ್ತು. "ಸರ್, ನಿನ್ನೆ ನನ್ನಿಂದ ಏನಾದರೂ ತಪ್ಪಾಯ್ತಾ?" ಅಂತ ಇಂಗ್ಲಿಷಿನಲ್ಲಿ ಕೇಳಿದ. ಏನು ಕೇಳ್ತಿದಾನೆ ಅಂತ ಒಂದು ಕ್ಷಣ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಮುಖ ಎಲ್ಲಿಡೋದು ಅಂತ ಗೊತ್ತಾಗಲಿಲ್ಲ.

ಅವನ ವಿಷಯಕ್ಕೆ ವಾಪಸ್ ಬರ್ತೀನಿ. ಅದಕ್ಕೆ ಮುಂಚೆ ಹದಿನೇಳು ವರ್ಷ ಹಿಂದಕ್ಕೆ ಹೋಗಬೇಕು.

2007ರ ಹೊತ್ತಿಗೆ ಬೆಂಗಳೂರಿನ ಮಧ್ಯಮ ವರ್ಗಕ್ಕೆ ಫಾರಿನ್ ಅಂದ್ರೆ ಹೆಚ್ಚುಕಮ್ಮಿ ಒಂದೇ ಪ್ಯಾಕೇಜು. ಸಿಂಗಪುರ, ಮಲೇಷ್ಯಾ, ಜೊತೆಗೆ ಎರಡು ರಾತ್ರಿ ಕ್ರೂಸ್. ನೆಂಟರ ಮನೆಗೆ ಹೋದರೆ ಕಾಫಿ ಜೊತೆ ಆಲ್ಬಮ್ ಬರೋದು: ಸೆಂಟೋಸಾದಲ್ಲಿ ಚಿಕ್ಕಪ್ಪ, ಪೆಟ್ರೋನಾಸ್ ಟವರ್ ಮುಂದೆ ಚಿಕ್ಕಮ್ಮ, ಹಡಗಿನ ಮೆಟ್ಟಿಲ ಮೇಲೆ ಇಬ್ಬರೂ. ನನಗೆ ಆಗ ಇಪ್ಪತ್ತಾರು. ಕೈಗೆ ಮೊದಲ ದೊಡ್ಡ ಬೋನಸ್ ಬಂದಿತ್ತು. ಅಪ್ಪಯ್ಯ ಅಮ್ಮನನ್ನು ಕರ್ಕೊಂಡು ಹೊರಟೆ. ನಮ್ಮ ಬೈಂದೂರು ಕಡೆ ತಂದೆಗೆ ಅಪ್ಪಯ್ಯ ಅಂತೀವಿ.

ಅಪ್ಪಯ್ಯ 1959ರಲ್ಲಿ, ಹದಿಮೂರನೇ ವಯಸ್ಸಿಗೆ, ದೂರದ ಸಂಬಂಧಿಯೊಬ್ಬರ ಹಿಂದೆ ಬೆಂಗಳೂರಿಗೆ ಬಂದು ಹೋಟೆಲಲ್ಲಿ ಲೋಟ ತೊಳೆಯೋಕೆ ಸೇರಿದವರು. ಆಮೇಲೆ ಟೇಬಲ್ ಒರೆಸೋದು, ಆಮೇಲೆ ಸಪ್ಲೈಯರ್. ಗಲ್ಲಾದಲ್ಲಿ ಕೂರೋಕೆ ನಲವತ್ತು ದಾಟಬೇಕಾಯ್ತು. ನಮ್ಮ ಕುಂದಾಪುರ ಕನ್ನಡದಲ್ಲಿ ಮಾಣಿ ಅಂದರೆ ಹುಡುಗ, ಮಗ. ಬೆಂಗಳೂರಿನ ಹೋಟೆಲಲ್ಲಿ ಮಾಣಿ ಅಂದರೆ ಸಪ್ಲೈಯರ್. ಹಗಲೆಲ್ಲ ಗಿರಾಕಿಗಳ ಬಾಯಲ್ಲಿ ಮಾಣಿ ಅನ್ನಿಸಿಕೊಂಡ ಅಪ್ಪಯ್ಯ ರಾತ್ರಿ ಮನೆಗೆ ಬಂದು ನನ್ನನ್ನು ಮಾಣಿ ಅಂತ ಕರೆಯುತ್ತಿದ್ದರು. ಎರಡೂ ಒಂದೇ ಪದ ಅಂತ ನನಗೆ ಹೊಳೆಯೋಕೆ ಎಷ್ಟೋ ವರ್ಷ ಬೇಕಾಯ್ತು.

ಹಡಗಿನಲ್ಲಿ ರಾತ್ರಿ ಊಟಕ್ಕೆ ನಮ್ಮ ಟೂರಿನವರಿಗೆ ದುಂಡು ಮೇಜುಗಳನ್ನು ಗೊತ್ತು ಮಾಡಿದ್ದರು. ನಮ್ಮ ಮೇಜಿಗೆ ಎಂಟು ಜನ. ನಾವು ಮೂವರು, ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇದ್ದ ದಂಪತಿ, ರಾಜ್‌ಕೋಟಿನ ಒಂದು ಕುಟುಂಬದ ಮೂವರು. ಯಾರೂ ಯಾರಿಗೂ ಗೊತ್ತಿಲ್ಲ. ಆದರೆ ಎರಡನೇ ರಾತ್ರಿ ಹೊತ್ತಿಗೆ ದಾವಣಗೆರೆ ಯಜಮಾನರು ಅಪ್ಪಯ್ಯನ ಹತ್ತಿರ ಮಗಳ ಮದುವೆಯ ಕಷ್ಟ ಹೇಳ್ಕೊಳ್ತಾ ಇದ್ದರು, ರಾಜ್‌ಕೋಟಿನ ಅಜ್ಜಿ ಅಮ್ಮನಿಗೆ ಥೇಪ್ಲಾ ಕೊಟ್ಟಾಗಿತ್ತು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ, ಹಾಗಾಗಿ ಪಕ್ಕದಲ್ಲಿ ಕೂತವರ ಜೊತೆ ಮಾತಾಡದೆ ಬೇರೆ ದಾರಿಯೂ ಇರಲಿಲ್ಲ.

ಮೊದಲ ರಾತ್ರಿ ಊಟ ಮುಗಿದ ಕೂಡಲೇ ಅಪ್ಪಯ್ಯ ಎದ್ದು ನಿಂತರು. ತಮ್ಮ ತಟ್ಟೆ, ಅಮ್ಮನದು, ನನ್ನದು, ದಾವಣಗೆರೆಯವರದು ಒಂದರ ಮೇಲೊಂದು ಇಟ್ಟು, ಚಮಚಗಳನ್ನೆಲ್ಲ ಮೇಲಿನ ತಟ್ಟೆಗೆ ಸೇರಿಸಿ, ಎಡಗೈ ಮೇಲೆ ಏರಿಸಿಕೊಂಡು ಅಡುಗೆಮನೆ ಬಾಗಿಲ ಕಡೆ ಹೊರಟೇಬಿಟ್ಟರು. ಯೋಚಿಸಿ ಮಾಡಿದ್ದಲ್ಲ, ಕೈಯ ಅಭ್ಯಾಸ. ಸುತ್ತ ನಾಲ್ಕೈದು ಮೇಜಿನವರು ತಿರುಗಿ ನೋಡಿದರು. ಒಬ್ಬಾಕೆ ನಕ್ಕಳು ಅಂತ ನನಗೆ ಇವತ್ತಿಗೂ ನೆನಪು, ನಕ್ಕಿರಲಿಕ್ಕೂ ಇಲ್ಲ. ನಾನು ಹಿಂದೆಯೇ ಓಡಿದೆ. "ಕೂತ್ಕೋ ಅಪ್ಪಯ್ಯ. ನಾವು ದುಡ್ಡು ಕೊಟ್ಟಿದೀವಲ್ಲ" ಅಂದೆ. ಸ್ವಲ್ಪ ಜೋರಾಗೇ ಅಂದೆ.

ಅಪ್ಪಯ್ಯ ತಟ್ಟೆಗಳನ್ನು ಪಕ್ಕದ ಖಾಲಿ ಮೇಜಿನ ಮೇಲಿಟ್ಟು ಬಂದು ಕೂತರು. ಐಸ್‌ಕ್ರೀಮ್ ಬಂದಾಗ ಬೇಡ ಅಂದರು. ಕೋಣೆಗೆ ವಾಪಸ್ ಹೋಗುವಾಗ ಲಿಫ್ಟಿನಲ್ಲಿ, ಯಾರಿಗೆ ಅಂತಿಲ್ಲದೆ, "ಆ ಮಾಣಿ ಉಂಡಿದ್ನೋ ಇಲ್ಯೋ" ಅಂದರು. ಅಷ್ಟೇ.

ಮಾರನೇ ದಿನ ಮಧ್ಯಾಹ್ನ ನಾನು ಈಜುಕೊಳದಿಂದ ಬರುವಾಗ ನೋಡಿದರೆ, ಖಾಲಿಯಾಗಿದ್ದ ಡೈನಿಂಗ್ ಹಾಲಿನ ಮೂಲೆಯಲ್ಲಿ ಅಪ್ಪಯ್ಯ ನಿಂತಿದ್ದಾರೆ, ಸುತ್ತ ಮೂರು ಜನ ವೇಟರ್‌ಗಳು. ನಮಗೆ ಬಡಿಸುತ್ತಿದ್ದ ಫಿಲಿಪ್ಪೀನ್ಸಿನ ಹುಡುಗನೂ ಅಲ್ಲಿದ್ದ. ಅವನು ದೊಡ್ಡ ಮೊಟ್ಟೆಯಾಕಾರದ ಟ್ರೇಯನ್ನು ಹೆಗಲ ಮೇಲೆ ಒಂದೇ ಅಂಗೈಯಲ್ಲಿ ಹೊರುವುದನ್ನು ತೋರಿಸುತ್ತಿದ್ದ. ಅಪ್ಪಯ್ಯ ಬೆರಳುಗಳ ಸಂದಿಯಲ್ಲಿ ನಾಲ್ಕು ಗ್ಲಾಸು ಸಿಕ್ಕಿಸಿ, ಅದೇ ಕೈಯ ಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಮೂರು ತಟ್ಟೆ ಜೋಡಿಸಿ ನಡೆದು ತೋರಿಸಿದರು. ಅರವತ್ತೊಂದು ವರ್ಷ. ಕೈ ಅಲ್ಲಾಡಲಿಲ್ಲ. ಹುಡುಗರು ಚಪ್ಪಾಳೆ ತಟ್ಟಿದರು. ಅವರಿಗೆ ಕನ್ನಡ ಬರಲ್ಲ, ಅಪ್ಪಯ್ಯನಿಗೆ ಇಂಗ್ಲಿಷ್ ಬರಲ್ಲ. ನಾನು ಒಳಗೆ ಹೋಗಲಿಲ್ಲ. ಬಾಗಿಲಲ್ಲೇ ನಿಂತು ವಾಪಸ್ ಹೋದೆ. ಹೋದದ್ದು ನಾಚಿಕೆಗೋ ಬೇರೆ ಯಾವುದಕ್ಕೋ ಆಗ ಗೊತ್ತಾಗಲಿಲ್ಲ.

ಅಪ್ಪಯ್ಯ 2018ರಲ್ಲಿ ಹೋದರು. 2024ರಲ್ಲಿ ಅಮ್ಮ, ಹೆಂಡತಿ, ಹತ್ತು ವರ್ಷದ ಮಗಳ ಜೊತೆ ಮತ್ತೆ ಸಿಂಗಪುರದಿಂದಲೇ ಹಡಗು ಹತ್ತಿದೆ. ಬೇರೆ ಕಂಪನಿ, ಬೇರೆ ಹಡಗು, ಹೆಸರು ಬೇಡ. ನಾಲ್ಕು ರಾತ್ರಿ. ವಾಪಸ್ ಬಂದ ಮೇಲೆ ಆಫೀಸಲ್ಲಿ ಎಲ್ಲರೂ ಹೇಗಿತ್ತು ಅಂತ ಕೇಳಿದರು. "ಚೆನ್ನಾಗಿತ್ತು, ಆದ್ರೆ ಮೊದಲಿನ ಥರ ಇಲ್ಲ ಬಿಡಿ" ಅಂದೆ. ಎರಡು ಸಲ ಹಡಗು ಹತ್ತಿದವರು ಯಾರನ್ನೇ ಕೇಳಿ, ಇದೇ ಮಾತು ಹೇಳ್ತಾರೆ. ಎರಡು ಸಲ ಗೋವಾಕ್ಕೆ ಹೋದವರೂ ಇದನ್ನೇ ಹೇಳ್ತಾರೆ. ಮಾತು ಹಗುರ, ಯಾರೂ ಆಧಾರ ಕೇಳಲ್ಲ. ನಾನೇ ಕೇಳ್ಕೊಂಡೆ: ಏನು ಬದಲಾಗಿದೆ? ಹಡಗಾ, ನಾನಾ?

ಗ್ರೀಕರ ಹಳೇ ಒಗಟು ನಿಮಗೆ ಗೊತ್ತಿರಬಹುದು. ಥೀಸಿಯಸ್‌ನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತಾ ಹೋದರೆ, ಎಲ್ಲ ಹಲಗೆ ಬದಲಾದ ಮೇಲೂ ಅದು ಅದೇ ಹಡಗಾ? ಇವತ್ತಿನ ಪ್ರವಾಸಿ ಹಡಗುಗಳಲ್ಲಿ ಈ ಒಗಟು ತಲೆಕೆಳಗಾಗಿದೆ. ಹಲಗೆ ಅದೇ ಇರುತ್ತೆ, ಉಳಿದದ್ದೆಲ್ಲ ಬದಲಾಗುತ್ತೆ. 2021ರಲ್ಲಿ ಮುಂಬೈನಿಂದ ಕಾರ್ಡೀಲಿಯಾ ಕಂಪನಿಯ ಹೆಸರಲ್ಲಿ ಹೊರಟ 'ಎಂಪ್ರೆಸ್' ನೋಡಿ. ಅದು 1990ರಲ್ಲಿ 'ನಾರ್ಡಿಕ್ ಎಂಪ್ರೆಸ್' ಆಗಿ ಹುಟ್ಟಿ ಅಮೆರಿಕನ್ನರನ್ನು ಬಹಾಮಾಸ್‌ಗೆ ಕರ್ಕೊಂಡು ಹೋಗ್ತಿತ್ತು. 2004ರಲ್ಲಿ 'ಎಂಪ್ರೆಸ್ ಆಫ್ ದಿ ಸೀಸ್' ಆಯ್ತು. 2008ರಲ್ಲಿ ಸ್ಪೇನಿನ ಕಂಪನಿಗೆ ಹೋಗಿ ಬರೀ 'ಎಂಪ್ರೆಸ್' ಆಯ್ತು. 2016ರಲ್ಲಿ ಮತ್ತೆ ಹಳೇ ಯಜಮಾನನ ಹತ್ತಿರ ಬಂದು ಹಳೇ ಹೆಸರು ಪಡೆದು, ಕ್ಯೂಬಾಕ್ಕೂ ಹೋಗಿ ಬಂತು. ಅದೇ ಕಬ್ಬಿಣ, ಅದೇ ಮೆಟ್ಟಿಲು. ಒಂದು ಕಾಲದಲ್ಲಿ ಮಯಾಮಿಯ ನವದಂಪತಿ ನಿಂತ ಕಟಕಟೆಯಲ್ಲಿ ಈಗ ಘಾಟ್ಕೋಪರದ ನವದಂಪತಿ ನಿಲ್ಲುತ್ತಾರೆ. ಇಬ್ಬರೂ ಹತ್ತು ವರ್ಷದ ಮೇಲೆ 'ಮೊದಲಿನ ಥರ ಇಲ್ಲ' ಅಂತಲೇ ಹೇಳೋದು.

ಹಾಗಂತ ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಿ ತಪ್ಪಿಸ್ಕೊಳ್ಳೋಕೆ ಆಗಲ್ಲ. ಹಡಗಿನ ಜೀವನ ನಿಜವಾಗಿಯೂ ಬದಲಾಗಿದೆ, ಅದೂ ಒಂದು ವಿಚಿತ್ರ ಸುತ್ತು ಹಾಕಿ.

ಸಮುದ್ರ ದಾಟೋಕೆ ಹಡಗೇ ಗತಿಯಾಗಿದ್ದ ಕಾಲದಲ್ಲಿ ಹಡಗಿನೊಳಗೆ ಫಸ್ಟ್ ಕ್ಲಾಸು, ಸೆಕೆಂಡ್ ಕ್ಲಾಸು, ಥರ್ಡ್ ಕ್ಲಾಸು ಅಂತ ಬೇರೆ ಬೇರೆ ಮೆಟ್ಟಿಲು, ಬೇರೆ ಬೇರೆ ಊಟದ ಮನೆ, ನಡುವೆ ಗೇಟು. ಟೈಟಾನಿಕ್ ಸಿನಿಮಾ ನೋಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. 1958ರಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನ ಹಾರೋಕೆ ಶುರುವಾದ ಮೇಲೆ ಹಡಗುಗಳಿಗೆ ಗಿರಾಕಿ ಇಲ್ಲದಾಯ್ತು. ತಲುಪಿಸುವ ಕೆಲಸ ವಿಮಾನದ್ದಾಯ್ತು, ಹಡಗಿಗೆ ಉಳಿದದ್ದು ಸುತ್ತಾಡಿಸುವ ಕೆಲಸ. 1970ರ ದಶಕದಲ್ಲಿ ಮಯಾಮಿಯಿಂದ ಹೊರಟ ಹೊಸ ಪ್ರವಾಸಿ ಹಡಗುಗಳಲ್ಲಿ ಬಹುಪಾಲು ಕ್ಲಾಸುಗಳನ್ನು ತೆಗೆದುಹಾಕಿದರು. ಕೋಣೆ ಚಿಕ್ಕದೋ ದೊಡ್ಡದೋ ಇರಬಹುದು, ಬಾಗಿಲು ದಾಟಿದ ಮೇಲೆ ಎಲ್ಲರಿಗೂ ಅದೇ ಊಟ, ಅದೇ ಡೆಕ್ಕು, ಅದೇ ಆಟ. 1977ರಲ್ಲಿ ಶುರುವಾದ 'ದಿ ಲವ್ ಬೋಟ್' ಅನ್ನುವ ಟಿವಿ ಧಾರಾವಾಹಿ ಇದನ್ನೇ ಅಮೆರಿಕದ ಮನೆಮನೆಗೆ ಮಾರಿತು. ಕಾರಿನ ಸೇಲ್ಸ್‌ಮನ್ನೂ ವಿಧವೆ ಶ್ರೀಮಂತೆಯೂ ಒಂದೇ ಡೆಕ್ಕಿನಲ್ಲಿ ಎದುರುಬದುರು ಆಗಬಹುದು ಅಂತ.

ಆಮೇಲೆ ಹಡಗು ದೊಡ್ಡದಾಗ್ತಾ ಹೋಯ್ತು. ಒಳಗಿನ ಗಾತ್ರದ ಲೆಕ್ಕದಲ್ಲಿ ಟೈಟಾನಿಕ್ 46,000 ಟನ್ ಚಿಲ್ಲರೆ. 2024ರ ಜನವರಿಯಲ್ಲಿ ಹೊರಟ ಐಕಾನ್ ಆಫ್ ದಿ ಸೀಸ್ 2,48,663. ಐದು ಟೈಟಾನಿಕ್ ಹಿಡಿಸಿ ಇನ್ನೂ ಜಾಗ ಉಳಿಯುತ್ತೆ. ಪೂರ್ತಿ ತುಂಬಿದರೆ 7,600 ಪ್ರಯಾಣಿಕರು. ಅಷ್ಟು ಜನ ಒಂದೇ ಬಫೆ ಸಾಲಲ್ಲಿ ನಿಂತರೆ ರಜೆ ಹೇಗಿರುತ್ತೆ ಯೋಚಿಸಿ. ಆಗ ಹೊಸ ವ್ಯಾಪಾರ ಹುಟ್ಟಿತು: ಜನರಿಂದ ತಪ್ಪಿಸಿಕೊಳ್ಳುವ ಹಕ್ಕನ್ನು ಮಾರೋದು. 2008ರಲ್ಲಿ ಬಂದ ಎಂಎಸ್‌ಸಿ ಫ್ಯಾಂಟೇಸಿಯಾ ಹಡಗಿನಲ್ಲಿ 'ಯಾಟ್ ಕ್ಲಬ್' ಅಂತ ಒಂದು ಭಾಗ ಮಾಡಿದರು. ಅದಕ್ಕೇ ಬೇರೆ ಲೌಂಜು, ಬೇರೆ ಈಜುಕೊಳ, ಬಟ್ಲರ್. ಹಡಗಿನೊಳಗೊಂದು ಹಡಗು. ಈಗ ದೊಡ್ಡ ಹಡಗುಗಳಲ್ಲಿ ಇಂಥದ್ದು ಮಾಮೂಲು. ಗೇಟು ವಾಪಸ್ ಬಂದಿದೆ, ಕಬ್ಬಿಣದ್ದಲ್ಲ, ಕಾರ್ಡ್ ತೋರಿಸಿದರೆ ತೆರೆಯುವ ಗಾಜಿನದು.

ನಮ್ಮ ಹಡಗಲ್ಲೂ ಇತ್ತು. ಚಿನ್ನದ ಬಣ್ಣದ ಕಾರ್ಡಿನವರಿಗೆ ಬೇರೆ ಲಿಫ್ಟು. ಮಗಳು ಮೊದಲ ದಿನವೇ ಗುರುತಿಸಿದಳು. "ಅಪ್ಪ, ನಮ್ದು ಯಾಕೆ ನೀಲಿ?" ಏನು ಹೇಳ್ತೀರಿ? ಚಿನ್ನದ್ದು ಜಾಸ್ತಿ ಕಣಮ್ಮ ಅಂದೆ. ಮಿಕ್ಕಿದ್ದೂ ಹಾಗೇ. ಮಾಮೂಲಿ ಊಟ ಟಿಕೆಟ್ಟಿನಲ್ಲೇ ಇದೆ, ಒಳ್ಳೇ ಊಟಕ್ಕೆ ಬೇರೆ ದುಡ್ಡು. ಜ್ಯೂಸಿಗೆ ಪ್ಯಾಕೇಜು, ವೈಫೈಗೆ ಪ್ಯಾಕೇಜು, ಸಾಲಿನಲ್ಲಿ ಮುಂದೆ ಹೋಗೋಕೆ ಇನ್ನೊಂದು ಪ್ಯಾಕೇಜು. ಗೊತ್ತು ಮಾಡಿದ ಮೇಜು ಇಲ್ಲ. ಯಾವಾಗ ಬೇಕಾದರೂ, ಎಲ್ಲಿ ಬೇಕಾದರೂ, ನಿಮ್ಮವರ ಜೊತೆ ಮಾತ್ರ ಕೂತು ತಿನ್ನಬಹುದು. 2000ದಲ್ಲಿ ನಾರ್ವೇಜಿಯನ್ ಕಂಪನಿ ಈ ಪದ್ಧತಿಗೆ 'ಫ್ರೀಸ್ಟೈಲ್' ಅಂತ ಹೆಸರಿಟ್ಟಿತು. ಸುಳ್ಳಲ್ಲ, ಅದು ಸ್ವಾತಂತ್ರ್ಯವೇ. ನಾಲ್ಕು ದಿನದಲ್ಲಿ ನಾವು ಒಬ್ಬ ಅಪರಿಚಿತರ ಹೆಸರನ್ನೂ ತಿಳ್ಕೊಳ್ಳಲಿಲ್ಲ. ಮೂರನೇ ರಾತ್ರಿ ಬಾಲ್ಕನಿಯಲ್ಲಿ ನಿಂತು ಅಮೆರಿಕದ ಕ್ಲೈಂಟ್ ಜೊತೆ ನಲವತ್ತು ನಿಮಿಷ ಮಾತಾಡಿದೆ. ಹಿಂದೆ ಏನು ಸದ್ದು ಅಂತ ಆತ ಕೇಳಿದ. ಸಮುದ್ರ ಅಂದೆ. ಮ್ಯೂಟ್ ಮಾಡ್ತೀರಾ ಅಂದ.

ಹಾಗಾದರೆ ನನ್ನ ದೂರು ಸರಿ ಅಂತಾಯ್ತು. ಆ ದುಂಡು ಮೇಜು ಹೋಯ್ತು, ಎಲ್ಲರೂ ಸಮಾನರಾಗಿದ್ದ ಆ ಕಾಲ ಹೋಯ್ತು ಅಂತ ಕಣ್ಣೀರು ಹಾಕಿ ಈ ಲೇಖನ ಮುಗಿಸಬಹುದಿತ್ತು. ಆದರೆ ಆ ದುಂಡು ಮೇಜಿನ ಸುತ್ತ ಎಂಟು ಜನ ಕೂತಿದ್ದರು ಅಂದೆನಲ್ಲ, ಅಲ್ಲಿದ್ದದ್ದು ಒಂಬತ್ತು ಜನ. ಒಬ್ಬ ನಿಂತಿದ್ದ. ಅವನನ್ನು ಎಣಿಸಿದವರು ಅಪ್ಪಯ್ಯ ಒಬ್ಬರೇ.

ಒಂದು ಲೆಕ್ಕ ನೋಡಿ. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕೋವಿಡ್‌ಗಾಗಿ ತಡೆದು ನಿಲ್ಲಿಸಿದರಲ್ಲ, ಅದರಲ್ಲಿದ್ದವರು 3,711 ಜನ. ಭಾರತೀಯರು 138. ಆ 138ರಲ್ಲಿ ಪ್ರಯಾಣಿಕರು 6, ಉಳಿದ 132 ಜನ ಸಿಬ್ಬಂದಿ. ಪ್ರಯಾಣಿಕರಿಗೆ ಕೋಣೆ ಬಿಟ್ಟು ಹೊರಗೆ ಬರಬೇಡಿ ಅಂದರು. ಹಾಗಾದರೆ ಊಟ? ಸಿಬ್ಬಂದಿ ಬಾಗಿಲಿಂದ ಬಾಗಿಲಿಗೆ ಹೋಗಿ ಕೊಟ್ಟರು, ಕೊಟ್ಟು ತಾವು ಹಂಚಿಕೊಂಡಿದ್ದ ಕೋಣೆಗಳಿಗೆ ವಾಪಸ್ ಹೋದರು. ಆಗ ಟಿವಿಯಲ್ಲಿ ನಾನೂ ನೋಡಿದ್ದೆ. ನನಗೆ ಬಂದ ಮೊದಲ ಯೋಚನೆ, ಪಾಪ, ರಜೆಗೆ ಹೋದವರು ಸಿಕ್ಕಿಹಾಕ್ಕೊಂಡರಲ್ಲ ಅಂತ. ನಾವು ಹಡಗಿನ ಕಥೆ ಓದೋದೇ ಮೇಲಿನ ಡೆಕ್ಕಿನಿಂದ.

ಕೆಳಗಿನ ಡೆಕ್ಕಿನ ಲೆಕ್ಕವೂ ಬರೆದಿಟ್ಟದ್ದೇ. 2013ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದ ಎರಡು ದಾರಿ ಕೊಡುತ್ತೆ: ಒಂದೋ ಕೆಲಸ ವಾರಕ್ಕೆ 72 ಗಂಟೆ ಮೀರಬಾರದು, ಇಲ್ಲಾ ವಿಶ್ರಾಂತಿ ವಾರಕ್ಕೆ 77 ಗಂಟೆಗಿಂತ ಕಡಿಮೆಯಾಗಬಾರದು. ಎರಡನೇ ದಾರಿಯಲ್ಲಿ ವಾರದ 168ರಲ್ಲಿ 77 ಕಳೆದರೆ 91 ಗಂಟೆ ದುಡಿಸಬಹುದು ಅಂತಾಯ್ತು. ಅದೂ ಕಾನೂನಿನ ಒಳಗೇ, ತಿಂಗಳುಗಟ್ಟಲೆ. 2023ರಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ಅಂದಾಗ ನಾವೆಲ್ಲ ಎಷ್ಟು ಕೂಗಾಡಿದೆವು ನೆನಪಿದೆಯಾ? ಕೂಗಾಡಿದ್ದು ಸರಿಯೇ. ಆ ಕೂಗಿನಲ್ಲಿ ನಮ್ಮ ಕಾಫಿ ತಂದುಕೊಡುವವನ ಗಂಟೆಗಳು ಸೇರಿರಲಿಲ್ಲ ಅಷ್ಟೇ.

ಈಗ ಮೂರು ಸ್ಟಾರಿಗೆ ಬರ್ತೀನಿ.

ಮನೆಯಲ್ಲಿ ನನ್ನ ಕಾಫಿ ನಾನೇ ಮಾಡ್ಕೊಳ್ತೀನಿ. ಡಿಕಾಕ್ಷನ್ ಇಳಿಯೋಕೇ ಇಪ್ಪತ್ತು ನಿಮಿಷ ಬೇಕು, ಕಾಯ್ತೀನಿ. ಹಡಗಿನ ಮೂರನೇ ದಿನ ಅದೇ ಇಪ್ಪತ್ತು ನಿಮಿಷ ನನಗೆ ಅನ್ಯಾಯದ ಥರ ಕಂಡಿತು. 1996ರ ಜನವರಿಯಲ್ಲಿ ಅಮೆರಿಕದ ಲೇಖಕ ಡೇವಿಡ್ ಫಾಸ್ಟರ್ ವಾಲೇಸ್, ಹಾರ್ಪರ್ಸ್ ಪತ್ರಿಕೆಯಲ್ಲಿ ತಾನು ಹೋದ ಏಳು ರಾತ್ರಿಯ ಕ್ರೂಸ್ ಬಗ್ಗೆ ಉದ್ದದ ಪ್ರಬಂಧ ಬರೆದ. ಅವನು ಕಂಡುಕೊಂಡದ್ದು ಇದನ್ನೇ: ನಿಮ್ಮೊಳಗಿನ ಹಟಮಾರಿ ಮಗುವನ್ನು ಪೂರ್ತಿ ತೃಪ್ತಿಪಡಿಸ್ತೀವಿ ಅಂತ ಹಡಗು ಮಾತು ಕೊಡುತ್ತೆ, ಮಗು ಮಾತ್ರ ತೃಪ್ತಿಯ ಅಳತೆಯನ್ನೇ ಮೇಲಕ್ಕೆ ಏರಿಸ್ತಾ ಹೋಗುತ್ತೆ. ಇದು ನನಗೆ ಓದಿ ಗೊತ್ತಿತ್ತು. ಗೊತ್ತಿದ್ದೂ ಒತ್ತಿದೆ.

ಹೆಚ್ಚು ನಾಚಿಕೆಯ ವಿಷಯ ಇನ್ನೊಂದಿದೆ. ಆಫೀಸಿನಲ್ಲಿ ನಾನು ಹನ್ನೊಂದು ಜನರ ಮ್ಯಾನೇಜರು. ಪ್ರತಿ ಮಾರ್ಚ್‌ನಲ್ಲಿ ಅವರಿಗೆ ಒಂದರಿಂದ ಐದರವರೆಗೆ ಅಂಕ ಕೊಡ್ತೀನಿ. ನಮ್ಮಲ್ಲಿ ಮೂರು ಅಂದರೆ ಕಾಗದದ ಮೇಲೆ 'ನಿರೀಕ್ಷೆಗೆ ತಕ್ಕಂತೆ'. ನಿಜಾರ್ಥ ಎಲ್ಲರಿಗೂ ಗೊತ್ತು. ಮೂರು ಸಿಕ್ಕವರು ಲಿಂಕ್ಡ್‌ಇನ್ ಅಪ್‌ಡೇಟ್ ಮಾಡೋಕೆ ಶುರು ಮಾಡ್ತಾರೆ. ನನಗೇ 2016ರಲ್ಲಿ ಮೂರು ಬಂದು ಎರಡು ವಾರ ನಿದ್ದೆ ಬಂದಿರಲಿಲ್ಲ. ಅಂದರೆ ಆ ಬೆಳಗ್ಗೆ ನಾನು ಏನು ಒತ್ತುತ್ತಿದ್ದೀನಿ ಅಂತ ಜಗತ್ತಿನಲ್ಲಿ ಯಾರಿಗಾದರೂ ಗೊತ್ತಿರಬೇಕಿದ್ದರೆ ಅದು ನನಗೇ.

ದುಡ್ಡು ಕೊಟ್ಟಿದೀವಲ್ಲ ಅನ್ನೋದಕ್ಕೆ ಅರ್ಥ ಏನು? ದುಡ್ಡು ಕೊಟ್ಟು ನಾನು ಕಾಫಿ ಕೊಂಡೆ. ಅದನ್ನು ತಂದುಕೊಡುವ ಕೆಲಸವನ್ನೂ ಕೊಂಡೆ ಅನ್ನೋಣ. ಆ ಮನುಷ್ಯನ ಮುಂದಿನ ಕಾಂಟ್ರಾಕ್ಟಿನ ಮೇಲೆ ಬೆರಳಿಡುವ ಹಕ್ಕನ್ನೂ ಕೊಂಡೆನಾ? ಕೊಂಡಿದ್ದರೆ ಅದರ ಬೆಲೆ ಎಷ್ಟಿತ್ತು, ಯಾವ ಬಿಲ್ಲಿನಲ್ಲಿ ಬರೆದಿತ್ತು? 2007ರಲ್ಲಿ ಇಂಥ ದೂರು ಹೇಳಬೇಕಿದ್ದರೆ ಅವನ ಮುಖ ನೋಡಿ ಹೇಳಬೇಕಿತ್ತು. ಮುಖ ನೋಡಿದರೆ, ಒಂಬತ್ತು ಸಲ ನಾವು ಹೇಳದೆ ಬಿಡ್ತೀವಿ. ಹತ್ತನೇ ಸಲ ಹೇಳಿದರೂ ಅವನೂ ಏನೋ ಉತ್ತರ ಹೇಳ್ತಾನೆ: ಮಷೀನ್ ಕೆಟ್ಟಿದೆ ಸರ್, ಇವತ್ತು ಒಬ್ಬನೇ ಇದ್ದೀನಿ ಸರ್. ಆ ಉತ್ತರಕ್ಕೆ ಆ್ಯಪಿನಲ್ಲಿ ಜಾಗ ಇಲ್ಲ. ಹದಿನೇಳು ವರ್ಷದಲ್ಲಿ ನಿಜವಾಗಿ ಬದಲಾದದ್ದು ಈಜುಕೊಳದ ಸಂಖ್ಯೆಯಲ್ಲ, ಇದು ಅಂತ ನನಗನ್ನಿಸುತ್ತೆ.

ಇದಕ್ಕೊಂದು ಸುಲಭದ ಪರಿಹಾರ ಇದೆ ಅಂತ ನೀವು ಹೇಳಬಹುದು. ಬಡಿಸುವವನನ್ನೇ ತೆಗೆದುಬಿಡಿ. 2014ರಲ್ಲೇ ಕ್ವಾಂಟಮ್ ಆಫ್ ದಿ ಸೀಸ್ ಹಡಗಿನಲ್ಲಿ ರೋಬೋಟ್ ತೋಳುಗಳು ಡ್ರಿಂಕ್ ಬೆರೆಸಿ ಕೊಡೋಕೆ ಶುರು ಮಾಡಿದ್ದವು. ನಮ್ಮ ಬೆಂಗಳೂರು ಅದಕ್ಕೂ ಮೂವತ್ತು ವರ್ಷ ಮುಂಚೆ ರೋಬೋಟ್ ಇಲ್ಲದೇ ಇದನ್ನು ಮಾಡಿ ತೋರಿಸಿತ್ತು. 1980ರ ದಶಕದಲ್ಲಿ ದರ್ಶಿನಿಗಳು ಬಂದವಲ್ಲ, ನಿಂತು ತಿನ್ನೋದು, ಟೋಕನ್ ಕೊಟ್ಟು ನಾವೇ ತಗೊಳ್ಳೋದು. ಮೇಲು ಕೀಳು ಇಲ್ಲ, ಎಸಿ ರೂಮಿನಲ್ಲಿ ಅದೇ ದೋಸೆಗೆ ಜಾಸ್ತಿ ರೇಟೂ ಇಲ್ಲ. ಆಟೋದವರೂ ಇಂಜಿನಿಯರೂ ಒಂದೇ ಕಟ್ಟೆಯ ಮೇಲೆ ಚಟ್ನಿ ಬಟ್ಟಲಿಟ್ಟು ತಿಂತಾರೆ. ನನಗೆ ಇಡೀ ಊರಿನಲ್ಲಿ ಅತ್ಯಂತ ಪ್ರಜಾಪ್ರಭುತ್ವದ ಜಾಗ ಅದೇ ಅನ್ನಿಸುತ್ತೆ. ಅಪ್ಪಯ್ಯನಿಗೆ ಹಾಗನ್ನಿಸಲಿಲ್ಲ. ಅವರ ಜೊತೆಯ ಸಪ್ಲೈಯರ್‌ಗಳಲ್ಲಿ ಎಷ್ಟೋ ಜನ ಕೆಲಸ ಕಳಕೊಂಡು ಊರಿಗೆ ಹೋದರು. ದರ್ಶಿನಿಯಲ್ಲಿ ಯಾರೂ ಯಾರನ್ನೂ ಬೈಯಲ್ಲ, ಅದು ಒಳ್ಳೇದೇ ಅನ್ನೋರು. ಹಾಗೇ ಯಾರೂ ಯಾರನ್ನೂ ಊಟ ಆಯ್ತಾ ಅಂತಲೂ ಕೇಳಲ್ಲ ಅನ್ನೋರು. ಬಡಿಸುವುದು ಅವರ ಮಟ್ಟಿಗೆ ಅವಮಾನ ಆಗಿರಲಿಲ್ಲ. ಬಡಿಸುವವನು ಉಂಡಿದ್ದಾನಾ ಅಂತ ಯಾರಿಗೂ ಹೊಳೆಯದೇ ಇರೋದು ಅವಮಾನ.

ಇಷ್ಟನ್ನೂ ನಾನು ಹಡಗಿನ ಕೊನೇ ರಾತ್ರಿ, ಡೆಕ್ಕಿನ ಮೇಲೆ ಕೂತು ಅಮ್ಮನ ಹತ್ತಿರ ಹೇಳಿಕೊಂಡೆ. ಅಪ್ಪಯ್ಯ ತಟ್ಟೆ ಎತ್ತಿದ್ದು, ನಾನು ಗದರಿದ್ದು, ಗ್ಲಾಸು ತೋರಿಸಿದ್ದು, ಬಾಗಿಲಲ್ಲಿ ನಿಂತು ನಾನು ವಾಪಸ್ ಬಂದದ್ದು. ಗಂಟಲು ಕಟ್ಟಿತ್ತು. ಅಮ್ಮನ ಕಣ್ಣಲ್ಲೂ ನೀರು ಬರುತ್ತೆ ಅಂದ್ಕೊಂಡಿದ್ದೆ.

ಅಮ್ಮ ಶಾಲು ಸರಿಮಾಡಿಕೊಂಡು, "ಹಡ್ಗಲ್ಲಿ ತಟ್ಟೆ ಎತ್ತಿದ್ರ್, ಸೈ. ಮನೇಲ್ ಒಂದ್ ದಿನ ಎತ್ತಿದ್ರಾ?" ಅಂದರು.

ನಾನು ಏನೂ ಹೇಳಲಿಲ್ಲ. ಹೇಳೋಕೆ ಏನಿತ್ತು? ಎತ್ತಿರಲಿಲ್ಲ. ಹೋಟೆಲಲ್ಲಿ ದಿನಕ್ಕೆ ಸಾವಿರ ತಟ್ಟೆ ಎತ್ತಿ ಬಂದವರು ಮನೆಯಲ್ಲಿ ಕೂತಲ್ಲೇ ಕೈ ತೊಳೆಯುತ್ತಿದ್ದರು. ಅಮ್ಮ ಬಡಿಸಿ, ಎಲ್ಲರದ್ದೂ ಆದ ಮೇಲೆ ಉಂಡು, ಎಲ್ಲರ ತಟ್ಟೆ ತೊಳೆಯುತ್ತಿದ್ದರು. ನಾನೂ ಎತ್ತಿದವನಲ್ಲ. "ಅಮ್ಮ ಉಂಡಿದ್ಲೋ ಇಲ್ಯೋ" ಅಂತ ನಮ್ಮ ಮನೆಯಲ್ಲಿ ಯಾರೂ ಲಿಫ್ಟಿನಲ್ಲಿ ನಿಂತು ಕೇಳಿದ್ದಿಲ್ಲ.

"ನಂಗೆ ಈ ಹಡ್ಗೇ ಲಾಯ್ಕ್ ಆಯ್ತ್" ಅಂದರು ಅಮ್ಮ. ಆ ಸಲದ ಹಡಗಿನಲ್ಲಿ ಎರಡು ದಿನವೂ ತಲೆ ತಿರುಗಿ ವಾಂತಿಯಾಗಿತ್ತಂತೆ, ನನಗೆ ಹೇಳಿರಲಿಲ್ಲ, ನನಗೆ ಬೇಜಾರಾಗುತ್ತೆ ಅಂತ. ದಾವಣಗೆರೆಯವರು ಮಾತು ನಿಲ್ಲಿಸುತ್ತಲೇ ಇರಲಿಲ್ಲವಂತೆ. ಈ ಹಡಗಿನಲ್ಲಿ ಯಾರೂ ಮಾತಾಡಿಸೋಕೆ ಬರಲ್ಲ, ಕೂತಲ್ಲಿಗೆ ಬಿಸಿ ಬಿಸಿ ಬರುತ್ತೆ, ಯಾರು ತೊಳೀತಾರೆ ಅಂತ ಯೋಚನೆ ಮಾಡಬೇಕಿಲ್ಲ. "ಯಾರೋ ತಂದ್ ಕೊಟ್ಟದ್ ನಾ ಕೂತ್ ಉಂಡ್ರೆ ಅದ್ರಲ್ ಎಂತ ಪಾಪ ಇತ್ತ್?" ಅಂತ ನನ್ನನ್ನೇ ಕೇಳಿದರು.

ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ಬೇರೆಯವರಿಂದ ಸೇವೆ ಮಾಡಿಸಿಕೊಳ್ಳೋದೇ ತಪ್ಪು ಅನ್ನೋ ಮಾತು ನನ್ನಂಥ ಗಂಡಸಿಗೆ ಸುಲಭ. ಹುಟ್ಟಿದಾಗಿನಿಂದ ಮಾಡಿಸಿಕೊಂಡೇ ಬಂದಿದ್ದೀನಲ್ಲ, ಬೇಜಾರಾದಾಗ ತ್ಯಾಗ ಮಾಡಬಹುದು. ಎಪ್ಪತ್ತನಾಲ್ಕು ವರ್ಷ ಬಡಿಸಿದವಳಿಗೆ ನಾಲ್ಕು ದಿನ ಬಡಿಸಿಕೊಳ್ಳುವ ಸುಖದಲ್ಲಿ ತಪ್ಪು ಹುಡುಕೋಕೆ ನನಗೆ ಬಾಯಿಲ್ಲ. ಆದರೆ ಅಮ್ಮ ಪ್ರತಿ ಸಲವೂ, ಆ ಹುಡುಗ ಬಂದಾಗ, ಕನ್ನಡದಲ್ಲೇ "ಸಾಕ್ ಮಗಾ" ಅನ್ನುತ್ತಿದ್ದುದನ್ನು ಗಮನಿಸಿದ್ದೆ. ನಾಲ್ಕನೇ ದಿನ ಅವನು ಅಮ್ಮನಿಗೆ "ಸಾಕಾ?" ಅಂತ ಕೇಳೋಕೆ ಕಲಿತಿದ್ದ. ಅವನ ಊರು ಸೆಮಾರಾಂಗ್ ಅಂತಲೂ, ಮನೆಯಲ್ಲಿ ಎರಡು ವರ್ಷದ ಮಗು ಇದೆ ಅಂತಲೂ ನನಗೆ ಗೊತ್ತಾದದ್ದು ಅಮ್ಮನಿಂದ. ಭಾಷೆ ಇಲ್ಲದೆ ಇವರಿಬ್ಬರು ಇಷ್ಟು ಹೇಗೆ ಮಾತಾಡಿಕೊಂಡರೋ.

ಆ ರೇಟಿಂಗ್ ಬದಲಿಸೋಕೆ ನೋಡಿದೆ. ಒಮ್ಮೆ ಒತ್ತಿದ್ದನ್ನು ತಿದ್ದೋಕೆ ಆಗಲ್ಲ ಅಂತ ಆ್ಯಪ್ ಹೇಳಿತು. ಕೌಂಟರಿಗೆ ಹೋಗಿ ಮೂವತ್ತೈದು ನಿಮಿಷ ಸಾಲಲ್ಲಿ ನಿಂತೆ. ಅಲ್ಲಿದ್ದಾಕೆ, ನಿಮ್ಮ ಅಭಿಪ್ರಾಯ ನಮಗೆ ಮುಖ್ಯ ಅಂದಳು. ಅಭಿಪ್ರಾಯ ತಪ್ಪಾಗಿತ್ತು ಅಂತ ಹೇಳೋಕೆ ಬಂದಿದ್ದೀನಿ ಅಂದೆ. ಅದಕ್ಕೆ ಫಾರ್ಮ್ ಇರಲಿಲ್ಲ. ಒಂದು ಬಿಳಿ ಹಾಳೆ ಕೇಳಿ ತಗೊಂಡು, ಅವನ ಹೆಸರು ಬರೆದು, ತಡವಾದದ್ದು ಅವನ ತಪ್ಪಲ್ಲ, ಸಾಲಿನಲ್ಲಿ ಅರವತ್ತು ಜನ ಇದ್ದರು, ಅವನೊಬ್ಬನೇ ಇದ್ದ ಅಂತ ಬರೆದು ಕೊಟ್ಟೆ. ಅವಳು ಅದನ್ನು ಒಂದು ಟ್ರೇಯಲ್ಲಿಟ್ಟಳು. ಆಮೇಲೆ ಏನಾಯ್ತೋ ಗೊತ್ತಿಲ್ಲ. ಇಳಿಯುವ ದಿನ ಬೆಳಗ್ಗೆ ಅವನಿಗೆ ಹೇಳೋಣ ಅಂತ ಹುಡುಕಿದೆ. ಬೇರೆ ಡೆಕ್ಕಿಗೆ ಹಾಕಿದ್ದಾರೆ ಅಂದರು.

ಮೊನ್ನೆ ಅಮ್ಮ ಮತ್ತೆ ಹಡಗಿನ ವಿಷಯ ತೆಗೆದರು. ಮುಂದಿನ ವರ್ಷ ಎಪ್ಪತ್ತಾರು ಆಗುತ್ತೆ, ಕಾಲು ಗಟ್ಟಿ ಇರುವಾಗಲೇ ಇನ್ನೊಮ್ಮೆ ಹೋಗಬೇಕಂತೆ. ಈ ಸಲ ಆ ಚಿನ್ನದ ಕಾರ್ಡಿನವರ ಲಿಫ್ಟು ಎಲ್ಲಿಗೆ ಹೋಗುತ್ತೆ ಅಂತ ನೋಡಬೇಕಂತೆ. ಏಜೆಂಟ್ ಕೊಟೇಶನ್ ಕಳಿಸಿದ್ದಾನೆ. ಮಾಮೂಲಿ ಕೋಣೆಯ ಎರಡೂವರೆ ಪಟ್ಟು. ಬೇರೆ ಊಟದ ಮನೆ, ಬೇರೆ ಈಜುಕೊಳ, ಇಪ್ಪತ್ತನಾಲ್ಕು ಗಂಟೆ ಬಟ್ಲರ್. ಶುಕ್ರವಾರದ ಒಳಗೆ ಹೇಳಿ ಸರ್, ರೇಟ್ ಏರುತ್ತೆ ಅಂದಿದ್ದಾನೆ. ಇವತ್ತು ಬುಧವಾರ.